ರಾತ್ರಿ ಮೂರು ಗಂಟೆಗೆ ಕೈಗೆ ಸಿಕ್ಕ ಆಪ್‌ಗಳು: ಬಳಸಿ ನೋಡಿದ್ಮೇಲೆ ಬರೀತಿರೋದು

ಕೊರೊನಾ ಮುಗೀತು ಅಂತ ಎಲ್ರೂ ಅಂತಾರೆ, ವಿಶ್ವ ಆರೋಗ್ಯ ಸಂಸ್ಥೆನೂ 2023ರ ಮೇ 5ಕ್ಕೆ ತುರ್ತುಸ್ಥಿತಿ ಮುಗೀತು ಅಂತ ಹೇಳಿಬಿಡ್ತು, ಆದ್ರೆ ಪಕ್ಕದಲ್ಲಿ ಯಾರಾದ್ರೂ ಕೆಮ್ಮಿದ್ರೆ ನಂಗೆ ಇವತ್ತಿಗೂ ಎದೆ ಡವಡವ ಅನ್ನುತ್ತೆ. 2021ರಲ್ಲಿ ಅಪ್ಪನ್ನ ಕಳ್ಕೊಂಡ್ವಿ. ಆಮೇಲೆ ದಿನಾ ರಾತ್ರಿ ಮೂರಕ್ಕೆ ಎಚ್ಚರ ಆಗೋದು, ಆಕ್ಸಿಮೀಟರ್ ಹುಡುಕಿ ಬೆರಳಿಗೆ ಹಾಕ್ಕೊಳ್ಳೋದು, 98 ತೋರಿಸಿದ್ರೂ ನಂಬಿಕೆ ಬರದೆ ಇನ್ನೊಂದು ಬೆರಳಿಗೆ ಹಾಕಿ ನೋಡೋದು, ಇದೇ ಆಗೋಯ್ತು. ಆ ಹೊತ್ತಲ್ಲಿ ಯಾರನ್ನ ಎಬ್ಬಿಸೋದು? ಹಂಗಾಗಿ ಮನಸ್ಸಿನ ಆರೋಗ್ಯದ ಆಪ್‌ಗಳನ್ನ ಇಳಿಸ್ಕೊಂಡೆ, ಒಂದಲ್ಲ ಐದು. ಮಹಾಮಾರಿಯ ಮೊದಲ ವರ್ಷದಲ್ಲೇ ಜಗತ್ತಲ್ಲಿ ಆತಂಕ, ಖಿನ್ನತೆ ಶೇ. 25ರಷ್ಟು ಜಾಸ್ತಿ ಆಯ್ತು ಅಂತ ಅದೇ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತ್ತು, ಅಂದ್ರೆ ನನ್ ಥರ ಎದ್ದು ಕೂತೋರು ತುಂಬಾ ಜನ ಇದ್ದಾರೆ, ಅವ್ರಿಗೋಸ್ಕರ ಬರೀತಿದ್ದೀನಿ.

ಮೊದಲು ಬೇಜಾರಾಗಿದ್ದು ಹೇಳ್ತೀನಿ. ಒಂದು ಆಪ್ ಇತ್ತು, ಹೆಸರು ಬೇಡ, ಶುರುನಲ್ಲೇ ಪಿಎಚ್‌ಕ್ಯೂ-9 ಪ್ರಶ್ನೆಗಳನ್ನ ಕೇಳ್ತು. ಗೊತ್ತಿಲ್ದೋರಿಗೆ: ಖಿನ್ನತೆ ಎಷ್ಟಿದೆ ಅಂತ ನೋಡೋಕೆ ಕೇಳೋದು, ಕಳೆದ ಎರಡು ವಾರ ಹೆಂಗಿದ್ರಿ ಅಂತ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3, ಒಟ್ಟು ಜಾಸ್ತಿ ಅಂದ್ರೆ 27, 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಸಾಮಾನ್ಯವಾಗಿ ಡಾಕ್ಟರ್ ಹತ್ರ ಮಾತಾಡಿ ಅಂತಾರೆ. ಒಂಬತ್ತನೇ ಪ್ರಶ್ನೆ ಬದುಕೋದೇ ಬೇಡ ಅನ್ಸುತ್ತಾ ಅನ್ನೋದರ ಬಗ್ಗೆ. ನಾನು ಆವತ್ತು ಅದಕ್ಕೆ ಸೊನ್ನೆ ಒತ್ತಲಿಲ್ಲ. ಒತ್ತೋಕೆ ಎಷ್ಟು ಹೊತ್ತು ತಗೊಂಡೆ ಅಂತ ನಂಗೇ ಗೊತ್ತು. ಅದಕ್ಕೆ ಆ ಆಪ್ ಕೊಟ್ಟ ಉತ್ತರ ಏನು ಅಂದ್ರೆ ಬಣ್ಣಬಣ್ಣದ ಕಾಗದ ಉದುರೋ ಚಿತ್ರ, ಸತತ ಮೂರು ದಿನ ಬಂದಿದ್ದೀರಿ ಅಂತ ಒಂದು ಬ್ಯಾಡ್ಜ್. ಒಂದು ಸಹಾಯವಾಣಿ ನಂಬರ್ ಇಲ್ಲ, ಯಾರ ಹತ್ರನಾದ್ರೂ ಮಾತಾಡಿ ಅನ್ನೋ ಒಂದು ಸಾಲೂ ಇಲ್ಲ. ಬೆಳಗ್ಗೆ ಅಕ್ಕಂಗೆ ಫೋನ್ ಮಾಡಿ ಅತ್ತೆ, ಅವಳೇ ಡಾಕ್ಟರ್ ಹತ್ರ ಕರ್ಕೊಂಡು ಹೋದ್ಲು. ನಿಮಗೂ ಆ ಪ್ರಶ್ನೆಗೆ ಸೊನ್ನೆ ಒತ್ತಕ್ಕಾಗ್ತಿಲ್ಲ ಅಂದ್ರೆ ಆಪ್ ಮುಚ್ಚಿ, ಆಗಲೇ ಯಾರನ್ನಾದ್ರೂ ಎಬ್ಬಿಸಿ, ಅವ್ರು ಬೈಯಲ್ಲ.

ಇನ್ನು ಉಸಿರಾಟದ ಅಭ್ಯಾಸ. ಎಲ್ಲಾ ಆಪ್‌ಲೂ ಇದೆ, ಒಂದು ವೃತ್ತ ದೊಡ್ಡದಾಗುತ್ತೆ ಚಿಕ್ಕದಾಗುತ್ತೆ, ಅದರ ಜೊತೆ ಉಸಿರು ತಗೊಳ್ಳಿ ಬಿಡಿ ಅಂತ. ತುಂಬಾ ಜನಕ್ಕೆ ಒಳ್ಳೇದಾಗಿದೆ, ಆದ್ರೆ ಉಸಿರಿಗಾಗಿ ಒದ್ದಾಡಿದ್ದನ್ನ ಕಣ್ಣಾರೆ ಕಂಡೋರಿಗೆ ಉಸಿರನ್ನೇ ಗಮನಿಸಿ ಅಂದ್ರೆ ಭಯ ಇನ್ನೂ ಜಾಸ್ತಿ ಆಗ್ಬೋದು, ನಂಗಂತೂ ಆಯ್ತು. ಅದರ ಬದ್ಲು ಕಣ್ಣಿಗೆ ಕಾಣೋ ಐದು, ಮುಟ್ಟೋಕಾಗೋ ನಾಲ್ಕು, ಕೇಳ್ಸೋ ಮೂರು, ವಾಸನೆ ಎರಡು, ರುಚಿ ಒಂದು ಅಂತ ಎಣಿಸೋದು ಕೆಲಸ ಮಾಡ್ತು.

ನಿಜವಾಗ್ಲೂ ಉಳ್ಕೊಂಡಿದ್ದು ಇನ್‌ಸೋಮ್ನಿಯಾ ಕೋಚ್, ನಿದ್ದೆ ಬರದೇ ಇರೋರಿಗೆ ಅಂತ ಇರೋ ಆಪ್. ಅಮೆರಿಕದ ಮಾಜಿ ಸೈನಿಕರ ಇಲಾಖೆಯವ್ರು ಮಾಡಿದ್ದು, ಆದ್ರೆ ಯಾರು ಬೇಕಾದ್ರೂ ಬಳಸ್ಬೋದು, ದುಡ್ಡಿಲ್ಲ. ಐದು ವಾರದ ಕ್ರಮ. ಬೆಳಗ್ಗೆ ಎದ್ದು ಎಷ್ಟೊತ್ತಿಗೆ ಮಲಗಿದೆ, ನಿದ್ದೆ ಹತ್ತೋಕೆ ಎಷ್ಟು ಹೊತ್ತಾಯ್ತು, ಎಷ್ಟು ಸಲ ಎಚ್ಚರ ಆಯ್ತು ಅಂತ ಬರ್ದಿಡ್ಬೇಕು. ಎರಡು ವಾರ ಬರೆದ್ಮೇಲೆ ನೋಡ್ತೀನಿ, ಹಾಸಿಗೆಲಿ ಒಂಬತ್ತು ಗಂಟೆ ಇರ್ತಿದ್ದೆ, ನಿದ್ದೆ ಮಾಡಿದ್ದು ಐದೂವರೆ! ಹಾಸಿಗೆ ಅಂದ್ರೇ ಭಯಪಡೋ ಜಾಗ ಅಂತ ಮೈಗೆ ಅಭ್ಯಾಸ ಆಗೋಗಿತ್ತು. ಈ ವಿಧಾನದಲ್ಲಿ ನಿದ್ದೆ ಬರದಿದ್ರೆ ಎದ್ದು ಹೊರಗೆ ಬನ್ನಿ, ತೂಕಡಿಕೆ ಬಂದಾಗ ಮಾತ್ರ ವಾಪಸ್ ಹೋಗಿ, ಆದ್ರೆ ಎಷ್ಟೇ ತಡ ಆದ್ರೂ ಏಳೋ ಟೈಮ್ ಬದಲಾಯಿಸ್ಬೇಡಿ ಅಂತಾರೆ. ಮೊದಲ ವಾರ ಹಗಲೆಲ್ಲಾ ಮಂಪರು, ಆಗ ಗಾಡಿ ಓಡಿಸೋರು ಜೋಪಾನ. ಡಾಕ್ಟರಿಗೂ ಆ ಲೆಕ್ಕಾನೇ ತೋರಿಸ್ದೆ, ಬಾಯಲ್ಲಿ ಹೇಳಕ್ಕಾಗದೇ ಇದ್ದಿದ್ದೆಲ್ಲಾ ಅದರಲ್ಲಿತ್ತು.

ಭಾಷೆದೊಂದು ನೋವಿದೆ. ನಾನು ನೋಡಿದ ಎಲ್ಲಾ ಆಪ್‌ಗಳೂ ಇಂಗ್ಲಿಷ್. ಆತಂಕ 1ರಿಂದ 10ರಲ್ಲಿ ಎಷ್ಟು ಅಂತ ಕೇಳ್ತಾವೆ, ನಮಗೆ ಆಗೋದು ಹೊಟ್ಟೇಲಿ ತಳಮಳ, ಎದೆ ಮೇಲೆ ಕಲ್ಲು ಇಟ್ಟಂಗೆ, ಯಾವುದಕ್ಕೂ ಕೈಕಾಲು ಓಡದೇ ಇರೋದು, ಅದಕ್ಕೆ ಒತ್ತೋಕೆ ಬಟನ್ನೇ ಇಲ್ಲ. ನಮ್ಮಮ್ಮನಿಗೆ ಇದನ್ನ ಕೊಡ್ಬೇಕು ಅಂತ ತುಂಬಾ ಆಸೆ ಇತ್ತು, ಆಗ್ಲಿಲ್ಲ.

ಹಾಕ್ಕೊಳ್ಳೋ ಮುಂಚೆ ಡೇಟಾ ಬಗ್ಗೆ ಓದಿ ದಯವಿಟ್ಟು. 2022ರಲ್ಲಿ ಮೊಝಿಲ್ಲಾದವ್ರು (ಫೈರ್‌ಫಾಕ್ಸ್ ಬ್ರೌಸರ್‌ನವ್ರು) ಮಾನಸಿಕ ಆರೋಗ್ಯ ಮತ್ತೆ ಪ್ರಾರ್ಥನೆಯ 32 ಆಪ್‌ಗಳನ್ನ ಪರೀಕ್ಷೆ ಮಾಡಿ 28ಕ್ಕೆ ಖಾಸಗಿತನದ ಎಚ್ಚರಿಕೆ ಹಾಕಿದ್ರು. ಲಾಗಿನ್ ಕೇಳದೇ ಇರೋದು ಸಿಕ್ಕಿದ್ರೆ ಅದನ್ನೇ ತಗೊಳ್ಳಿ. ಬೇಡ ಅನ್ಸಿದ್ರೆ ಫೋನಿಂದ ತೆಗೆದ್ರೆ ಸಾಲ್ದು, ಮೊದಲು ಒಳಗೆ ಹೋಗಿ ಅಕೌಂಟ್ ಡಿಲೀಟ್ ಮಾಡಿ, ಇಲ್ದಿದ್ರೆ ನೀವು ರಾತ್ರಿ ಮೂರಕ್ಕೆ ಬರೆದಿದ್ದೆಲ್ಲಾ ಅವ್ರ ಹತ್ರ ಉಳ್ಕೊಂಡಿರುತ್ತೆ. ಆ ಬ್ಯಾಡ್ಜ್ ಕೊಟ್ಟ ಆಪಿಂದ ನನ್ನ ಅಕೌಂಟ್ ತೆಗೆಸೋಕೆ ನಾಲ್ಕು ಮೇಲ್ ಹಾಕ್ಬೇಕಾಯ್ತು.