ಗುರುವಂದನೆಗೆ ದಿನ ಗೊತ್ತು ಮಾಡಲು ಆನ್‌ಲೈನ್ ಟೂಲ್ ಹಿಡಿಯುವವರು ಇದನ್ನು ಓದಿ

ಡಿಸೆಂಬರ್ 1, 2024. ಭಾನುವಾರ, ಅಮಾವಾಸ್ಯೆ. ಬೆಳಿಗ್ಗೆ ಹತ್ತು ದಾಟಿತ್ತು. ಎಡೆಗೆಂದು ಪಾಯಸ ಒಲೆಯ ಮೇಲಿತ್ತು. ಫೋನ್ ಬಂತು. ಹೈಸ್ಕೂಲಿನಲ್ಲಿ ನಮಗೆ ಗಣಿತ ಕಲಿಸಿದ ಮೇಷ್ಟ್ರು.

“ಏನಮ್ಮಾ, ಇಲ್ಲಿ ಬೀಗ ಹಾಕೈತಲ್ಲ. ಕಾರ್ಯಕ್ರಮ ಹಿಂದ್ಗಡೆ ಹಾಲಲ್ಲೇನು?”

ಎಲ್ಲಿದೀರಿ ಸರ್ ಅಂದೆ. ಹಾಲಿನ ಹೆಸರು ಹೇಳಿದರು. ನಮ್ಮ ಬ್ಯಾಚಿನ ಗುರುವಂದನೆಗೆ ನಾನೇ ಅಡ್ವಾನ್ಸ್ ಕೊಟ್ಟು ಬುಕ್ ಮಾಡಿದ್ದ ಹಾಲದು. ಆದರೆ ಬುಕ್ ಮಾಡಿದ್ದು ಜನವರಿ 12ಕ್ಕೆ.

ಒಲೆ ಆರಿಸಿ ಸ್ಕೂಟಿ ತೆಗೆದುಕೊಂಡು ದಾವಣಗೆರೆಯ ನಿಟ್ಟುವಳ್ಳಿಯಿಂದ ವಿದ್ಯಾನಗರಕ್ಕೆ ಓಡಿದೆ. ಮೇಷ್ಟ್ರು ಹಾಲಿನ ಮೆಟ್ಟಿಲ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹೆಗಲ ಮೇಲೊಂದು ಶಲ್ಯ. ಪಕ್ಕದಲ್ಲಿ ಬಟ್ಟೆಯ ಕೈಚೀಲ, ಅದರ ತುಂಬ ಹುರಿದ ಶೇಂಗಾ. ಜಗಳೂರು ಕಡೆಯ ತಮ್ಮ ಹೊಲದ್ದು. ಎಪ್ಪತ್ತೆಂಟು ವರ್ಷದ ಜೀವ, ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬಂದು, ಸ್ಟ್ಯಾಂಡಿನಿಂದ ಆಟೋ ಮಾಡಿಕೊಂಡು ಬಂದು ಕೂತಿತ್ತು. ಬೇರೆ ಯಾವ ಭಾನುವಾರ ಆಗಿದ್ದರೂ ಅಲ್ಲಿ ಮದುವೆಯೋ ನಾಮಕರಣವೋ ಇರುತ್ತಿತ್ತು, ಒಂದು ಲೋಟ ನೀರು ಕೊಡುವವರಾದರೂ ಇರುತ್ತಿದ್ದರು. ಅಮಾವಾಸ್ಯೆ ನೋಡಿ, ವಾಚ್‌ಮನ್ ಕೂಡ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಹೋಗಿದ್ದನಂತೆ.

“ಅಮಾಸೆ ದಿನ ಹೊಲದಾಚೆ ಹೋಗಬ್ಯಾಡ್ರಿ ಅಂದ್ಲು ಮನೆಯಾಕಿ. ಮಕ್ಕಳು ಕರೆದಾರೆ ಅಂತ ಬಂದೆ,” ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಇದು ಹೇಗಾಯಿತು ಅಂತ ಬಿಡಿಸಿ ಹೇಳುತ್ತೇನೆ. ಸ್ನೇಹ ಸಮ್ಮಿಲನ, ಗುರುವಂದನೆ, ಮನೆತನದವರ ಕೂಟ ಅಂತ ಈಗ ಎಲ್ಲ ಕಡೆ ನಡೆಯುತ್ತಿವೆ. ಎಲ್ಲರೂ ನಮ್ಮ ಹಾಗೆಯೇ ಯಾವುದೋ ಲಿಂಕ್ ಕಳಿಸಿ “ವೋಟ್ ಒತ್ತಿ” ಅನ್ನುತ್ತಿದ್ದಾರೆ.

ನಮ್ಮದು 1999ರ ಎಸ್ಸೆಸ್ಸೆಲ್ಸಿ ಬ್ಯಾಚ್. ಎಂಟನೇ ಕ್ಲಾಸಿಗೆ ಸೇರಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಒಂಬತ್ತರಲ್ಲಿದ್ದಾಗ, 1997ರಲ್ಲಿ, ಬೇರೆ ಜಿಲ್ಲೆಯಾಯಿತು. ಅರವತ್ತೆರಡು ಜನರಲ್ಲಿ ಐವತ್ತನಾಲ್ಕು ಮಂದಿ ವಾಟ್ಸ್‌ಆ್ಯಪ್ ಗ್ರೂಪಿಗೆ ಸಿಕ್ಕರು. ಬೆಂಗಳೂರು, ಪುಣೆ, ದುಬೈ, ಒಬ್ಬ ಅಮೆರಿಕದ ನ್ಯೂಜೆರ್ಸಿ. ಉಳಿದವರು ಇಲ್ಲೇ ಚನ್ನಗಿರಿ, ಹೊನ್ನಾಳಿ, ಹರಿಹರದ ಸುತ್ತಮುತ್ತ. ಇಷ್ಟು ಜನರಿಗೆ ಒಂದು ದಿನ ಹೊಂದಿಸುವುದು ಸುಲಭವಲ್ಲ. ಚನ್ನಗಿರಿಯವರಿಗೆ ಅಡಿಕೆ ಕೊಯ್ಲು, ಜಗಳೂರಿನವರಿಗೆ ಮೆಕ್ಕೆಜೋಳ, ಮೇಷ್ಟ್ರಾದವರಿಗೆ ಪರೀಕ್ಷೆ, ಎಲ್ಲರಿಗೂ ಯಾರದಾದರೂ ಮದುವೆ. ಗ್ರೂಪಿನಲ್ಲಿ ಮೂರು ವಾರ ಮಾತಾಡಿದರೂ ತೀರ್ಮಾನ ಆಗಲಿಲ್ಲ.

ಆಗ ನ್ಯೂಜೆರ್ಸಿಯ ಗೆಳೆಯ ಒಂದು ಆನ್‌ಲೈನ್ ಟೂಲ್ ತೋರಿಸಿದ. ದಿನಾಂಕಕ್ಕೆ ವೋಟ್, ಮನೆಯವರು ಎಷ್ಟು ಜನ ಬರುತ್ತಾರೆ, ಊಟ, ವಂತಿಗೆ, ಮೇಷ್ಟ್ರುಗಳಿಗೆ ಆಹ್ವಾನ, ಎಲ್ಲ ಒಂದೇ ಕಡೆ. ನೋಡಲು ಬಹಳ ಚೆನ್ನಾಗಿತ್ತು. ಪರೀಕ್ಷಿಸಿ ನೋಡೋಣ ಅಂತ ನಾವು ಕೂತದ್ದೂ ನಿಜ, ಆದರೆ ಪರೀಕ್ಷಿಸಿದ್ದು ಬಣ್ಣ, ಬಟನ್ನು, ಕನ್ನಡ ಅಕ್ಷರ ಮೂಡುತ್ತದೆಯೇ ಅನ್ನುವುದನ್ನು ಮಾತ್ರ. ಸ್ಮಾರ್ಟ್‌ಫೋನ್ ಇಲ್ಲದ ಮೇಷ್ಟ್ರಿಗೆ ಇದು ಹೇಗೆ ತಲುಪುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅವನಿಗೆ ರಜೆ ಸಿಗುವುದು ಎರಡು ಭಾನುವಾರಕ್ಕೆ ಹೊಂದುವಂತೆ. ನವೆಂಬರ್ 28ರ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೊಂದಿಕೊಂಡ ಡಿಸೆಂಬರ್ 1, ಇಲ್ಲವೇ ಜನವರಿ 12. ಎರಡನ್ನೂ ಪೋಲ್‌ಗೆ ಹಾಕಿದ. ಅಕೌಂಟ್ ತೆರೆದವನು ಅಮೆರಿಕದಲ್ಲಿದ್ದವನು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಈ ಟೂಲು ಅಕೌಂಟ್ ತೆರೆದವನ ಪದ್ಧತಿಯಲ್ಲೇ ಎಲ್ಲರಿಗೂ ತೋರಿಸುತ್ತಿತ್ತು. ಮೊಬೈಲಿನಲ್ಲಿ ನಮಗೆ ಕಂಡದ್ದು ಇಷ್ಟೇ:

12/01, ಭಾನುವಾರ
01/12, ಭಾನುವಾರ

ಇಸವಿ ಇಲ್ಲ. ತಿಂಗಳ ಹೆಸರಿಲ್ಲ. ಮೊದಲನೆಯದು ಅವನಿಗೆ ಡಿಸೆಂಬರ್ 1, ನಮಗೆ ಜನವರಿ 12. ಎರಡೂ ದಿನ ಭಾನುವಾರವೇ ಆದ್ದರಿಂದ ವಾರ ನೋಡಿ ತಪ್ಪು ಹಿಡಿಯುವ ದಾರಿಯೂ ಇರಲಿಲ್ಲ. 12/01ಕ್ಕೆ ಮೂವತ್ತೇಳು ವೋಟ್ ಬಿತ್ತು. ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದೆವು. ಅವರಲ್ಲಿ ಇಪ್ಪತ್ತೆಂಟು ಜನ ಜನವರಿ ಅಂದುಕೊಂಡೇ ಒತ್ತಿದ್ದರು.

ನನ್ನ ಅತ್ತೆಗೆ ಮಾತ್ರ ಅನುಮಾನ ಬಂದಿತ್ತು. ಅಕ್ಟೋಬರಿನಲ್ಲಿ ಒಮ್ಮೆ ಅವನ ವಾಯ್ಸ್ ಮೆಸೇಜ್ ಕೇಳಿಸಿಕೊಂಡು, “ಡಿಸೆಂಬರ್ ಒಂದು ಅಂದನಲ್ಲ, ಅಮಾವಾಸ್ಯೆ ದಿನ ಯಾರೇ ಗುರುಗಳಿಗೆ ಸನ್ಮಾನ ಇಟ್ಕೋತಾರೆ?” ಅಂದಿದ್ದರು. ಅವನು ಇನ್ನೊಂದು ಆಯ್ಕೆಯ ಮಾತಾಡುತ್ತಿರಬೇಕು ಅಂತ ನಾನು ಸುಮ್ಮನಾದೆ. ಹಾಲ್ ಕೂಡ ಜನವರಿ 12ಕ್ಕೆ ಸಲೀಸಾಗಿ ಸಿಕ್ಕಿತ್ತು, ಧನುರ್ಮಾಸದಲ್ಲಿ ಮದುವೆಗಳಿರುವುದಿಲ್ಲವಲ್ಲ. ಹಾಲಿನ ಹೆಸರು, ವಿಳಾಸ ಎಲ್ಲವನ್ನೂ ಟೂಲಿನಲ್ಲಿ ತುಂಬಿದೆ. ಅದು ಐದು ಜನ ಮೇಷ್ಟ್ರುಗಳಿಗೆ ಆಹ್ವಾನ ಕಳಿಸಿತು.

ಗೊಂದಲ ಬಯಲಾದದ್ದು ನವೆಂಬರ್ 22ಕ್ಕೆ. “ಬುಧವಾರ ಹೊರಡ್ತಿದ್ದೀನಿ, ಏನಾದ್ರೂ ತರ್ಬೇಕಾ?” ಅಂತ ಅವನು ಗ್ರೂಪಿನಲ್ಲಿ ಬರೆದಾಗ. ಒಂದೆರಡು ಗಂಟೆ ಯಾರಿಗೂ ಏನೂ ತೋಚಲಿಲ್ಲ. ಅವನ ಟಿಕೆಟ್ ವಾಪಸ್ ಆಗುವಂತಿರಲಿಲ್ಲ. ಹಾಲ್, ಅಡುಗೆಯವರು, ಬೆಂಗಳೂರಿನವರ ರಜೆ ಎಲ್ಲ ಜನವರಿಗೆ ನಿಂತಿದ್ದರಿಂದ ಜನವರಿ 12 ಅಂತಲೇ ಉಳಿಸಿಕೊಂಡೆವು. ಅವನು ಟೂಲಿನಲ್ಲಿ ದಿನಾಂಕ ಬದಲಿಸಿದ. ಐದೂ ಮೇಷ್ಟ್ರುಗಳ ಹೆಸರಿನ ಮುಂದೆ ಹಸಿರು ಟಿಕ್ ಬಂತು, “ತಿಳಿಸಲಾಗಿದೆ” ಎಂಬ ಅರ್ಥದಲ್ಲಿ. ಸ್ಕ್ರೀನ್‌ಶಾಟ್ ಗ್ರೂಪಿಗೆ ಹಾಕಿದ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು, ನಾನೂ ಹಾಕಿದೆ. ನಾಲ್ವರು ಮೇಷ್ಟ್ರುಗಳು ದಾವಣಗೆರೆಯಲ್ಲೇ ಇರುವವರು, ದಾರಿಯಲ್ಲಿ ಸಿಕ್ಕಾಗ ಯಾರೋ ಒಬ್ಬರು ಹೇಳಿದ್ದರು. ಜಗಳೂರಿನವರಿಗೆ ಬೇರೆ ಯಾರೋ ಹೇಳಿರುತ್ತಾರೆ ಅಂತ ಪ್ರತಿಯೊಬ್ಬರೂ ಅಂದುಕೊಂಡೆವು. ಟಿಕ್ ಇತ್ತಲ್ಲ.

ಆ ಭಾನುವಾರ ಮೇಷ್ಟ್ರನ್ನು ಮನೆಗೆ ಕರೆತಂದ ಮೇಲೆ ಗೆಳೆಯನಿಗೂ ಫೋನ್ ಮಾಡಿದೆ. ಹರಿಹರದಲ್ಲಿ ಅಪ್ಪ ಅಮ್ಮನ ಮನೆಯಲ್ಲಿದ್ದ, ಅರ್ಧ ಗಂಟೆಯಲ್ಲಿ ಬಂದ. ಮೇಷ್ಟ್ರ ಕಾಲು ಮುಟ್ಟಿ ಎದ್ದವನು ಬಹಳ ಹೊತ್ತು ತಲೆ ಎತ್ತಲಿಲ್ಲ. ಊಟ ಆದ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಹಸಿರು ಟಿಕ್ ಒತ್ತಿ ನೋಡಿದೆವು. ಒಳಗೆ ಸಣ್ಣ ಬೂದು ಅಕ್ಷರದಲ್ಲಿ ಬರೆದಿತ್ತು: ಮೇಲ್ ಕಳಿಸಲಾಗಿದೆ, ತೆರೆದಿಲ್ಲ. ಆ ಮೇಲ್ ಐಡಿ ಬೆಂಗಳೂರಿನಲ್ಲಿ ಓದುವ ಮೊಮ್ಮಗನದು. ಅಕ್ಟೋಬರಿನಲ್ಲಿ ಊರಿಗೆ ಬಂದಿದ್ದಾಗ ಮೊದಲ ಆಹ್ವಾನ ನೋಡಿದ್ದ, ಅದರ ಜೊತೆ ಬಂದ ಫೈಲನ್ನು ತನ್ನ ಕ್ಯಾಲೆಂಡರಿಗೆ ಸೇರಿಸಿಕೊಂಡಿದ್ದ. ಆ ಫೈಲಿನೊಳಗೆ ಇದ್ದದ್ದು ಡಿಸೆಂಬರ್ 1. ಹೀಗೆ ಒಮ್ಮೆ ಇಳಿಸಿಕೊಂಡ ಫೈಲ್ ಬರೀ ಒಂದು ನಕಲು, ಇಲ್ಲಿ ದಿನಾಂಕ ಬದಲಿಸಿದರೆ ಅಲ್ಲಿ ಬದಲಾಗುವುದಿಲ್ಲ. ಹುಡುಗ ಶನಿವಾರ ಅದನ್ನು ನೋಡಿ ಅಜ್ಜನಿಗೆ ಫೋನ್ ಮಾಡಿ, “ನಾಳೆ ಫಂಕ್ಷನ್ ಐತಿ, ಮರೀಬ್ಯಾಡ” ಅಂದಿದ್ದಾನೆ. ಅವನದೇನೂ ತಪ್ಪಿಲ್ಲ. ಅಜ್ಜನ ಮೇಲಿನ ಕಾಳಜಿಯಿಂದ ನೆನಪಿಸಿದ.

ಆದ್ದರಿಂದ ನನ್ನ ಮೊದಲ ಮಾತು: ದಿನಾಂಕವನ್ನು ಅಂಕಿಯಲ್ಲಿ ಮಾತ್ರ ತೋರಿಸುವ ಟೂಲನ್ನು ಊರಿನವರೂ ಹೊರದೇಶದವರೂ ಸೇರಿರುವ ಗುಂಪಿಗೆ ಬಳಸಬೇಡಿ. ಆಯ್ಕೆಗೆ ನಾವೇ ಹೆಸರು ಬರೆಯುವ ಅವಕಾಶ ಇದ್ದರೆ “ಡಿಸೆಂಬರ್ 1, 2024, ಭಾನುವಾರ, ಅಮಾವಾಸ್ಯೆ” ಅಂತ ಪೂರ್ತಿ ಬರೆಯಿರಿ. ಅಮಾವಾಸ್ಯೆ ಅಂತ ಬರೆದಿದ್ದರೆ ಅಂದೇ ಹತ್ತು ಜನ ಎದ್ದು ಕೇಳುತ್ತಿದ್ದರು. ಹೊರದೇಶದ ಟೂಲುಗಳಿಗೆ ಭಾನುವಾರ ಗೊತ್ತು, ಅಮಾವಾಸ್ಯೆ ಗೊತ್ತಿಲ್ಲ, ಆಷಾಢ ಗೊತ್ತಿಲ್ಲ, ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಗೊತ್ತಿಲ್ಲ. ಅವನ್ನು ಸೇರಿಸಬೇಕಾದವರು ನಾವು.

ಎರಡನೆಯದು, ಟಿಕ್ ಏನನ್ನು ಹೇಳುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಕಳಿಸಿದ್ದು ಬೇರೆ, ತಲುಪಿದ್ದು ಬೇರೆ, ಓದಿದ್ದು ಬೇರೆ. ನಾಲ್ಕು ಜನ ಸೇರಿ ಸುಳ್ಳು ಕಾರ್ಯಕ್ರಮವೊಂದನ್ನು ಅದರಲ್ಲಿ ಹಾಕಿ, ಒಬ್ಬರಿಗೆ ಬಟನ್ ಫೋನ್ ಇರಲಿ, ಒಬ್ಬರು ಹೊರದೇಶದಲ್ಲಿರಲಿ. ಮಾರನೇ ದಿನ ದಿನಾಂಕ ಬದಲಿಸಿ, ಯಾರಿಗೆ ಹೇಗೆ ಗೊತ್ತಾಯಿತು ನೋಡಿ. ಅರ್ಧ ಗಂಟೆಯ ಕೆಲಸ. ಗಂಟೆಯನ್ನೂ ನೋಡಿಕೊಳ್ಳಿ. ನಮ್ಮ ರಾತ್ರಿ ಎಂಟು ಅಕ್ಟೋಬರಿನಲ್ಲಿ ನ್ಯೂಜೆರ್ಸಿಗೆ ಬೆಳಿಗ್ಗೆ ಹತ್ತೂವರೆ. ನವೆಂಬರ್ 3ಕ್ಕೆ ಅಲ್ಲಿ ಗಡಿಯಾರ ಹಿಂದಕ್ಕೆ ಹೋದ ಮೇಲೆ ಒಂಬತ್ತೂವರೆ. ನಮ್ಮ ಒಂದು ವಿಡಿಯೋ ಮೀಟಿಂಗ್ ಅವನಿಗೆ ತಪ್ಪಿಹೋದದ್ದು ಹೀಗೆ.

ಇನ್ನೊಂದು ವಿಷಯ ಹೆಣ್ಣುಮಕ್ಕಳಿಗೆ ಸಂಬಂಧಿಸಿದ್ದು. ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಆ ಟೂಲು ವೋಟ್ ಒತ್ತುವ ಮುಂಚೆ ಹೆಸರು, ಮೊಬೈಲ್ ನಂಬರ್ ಕೇಳುತ್ತಿತ್ತು. ಲಿಂಕ್ ಇದ್ದವರು ಯಾರೇ ಆಗಲಿ, ಲಾಗಿನ್ ಇಲ್ಲದೆ ಇಡೀ ಪಟ್ಟಿ ನೋಡಬಹುದಾಗಿತ್ತು. ಊಟಕ್ಕೆ ಎಷ್ಟು ಜನ ಅಂತ ಅಡುಗೆಯವರಿಗೆ ತೋರಿಸಲು ನಾನು ಅದೇ ಲಿಂಕನ್ನು ಫಾರ್ವರ್ಡ್ ಮಾಡಿದೆ. ಅಲ್ಲಿಂದ ಅದು ಎಲ್ಲೆಲ್ಲಿಗೆ ಹೋಯಿತೋ. ಎರಡು ವಾರದಲ್ಲಿ ಹೊನ್ನಾಳಿ ಕಡೆಯ ಗೆಳತಿಗೆ ಗೊತ್ತಿಲ್ಲದ ನಂಬರುಗಳಿಂದ ಕರೆ ಶುರುವಾಯಿತು. ಹೆಸರು ಹಿಡಿದು ಮಾತಾಡುತ್ತಿದ್ದರಂತೆ, ರಾತ್ರಿ ಒಂಬತ್ತರ ಮೇಲೂ. ಅವಳ ಮನೆಯಲ್ಲಿ ಮಾತಿಗೆ ಮಾತು ಬೆಳೆದು ಕೊನೆಗೆ ಗ್ರೂಪ್ ಬಿಟ್ಟಳು. ಇಪ್ಪತ್ತೈದು ವರ್ಷದ ಮೇಲೆ ಸಿಕ್ಕಿದ್ದವಳು. ಜನವರಿಗೂ ಬರಲಿಲ್ಲ. ನಾನು ಇಬ್ಬರು ಗೆಳತಿಯರ ಜೊತೆ ಅವಳ ಮನೆಗೆ ಹೋಗಿ, ತಪ್ಪು ನನ್ನದು ಅಂತ ಅವಳ ಯಜಮಾನರ ಎದುರಿಗೇ ಹೇಳಿ ಬಂದೆ. ನಂಬರ್ ಕೇಳುವ ಯಾವ ಲಿಂಕನ್ನಾದರೂ ಗುಂಪಿಗೆ ಕಳಿಸುವ ಮುಂಚೆ, ಆ ಗುಂಪಿನಲ್ಲಿಲ್ಲದ ಒಬ್ಬರ ಫೋನಿನಲ್ಲಿ ತೆರೆದು ನೋಡಿ. ಅವರಿಗೆ ಏನು ಕಾಣುತ್ತದೋ ಅದು ಊರಿಗೆಲ್ಲ ಕಾಣುತ್ತದೆ ಅಂತಲೇ ತಿಳಿಯಿರಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಮೊದಲು ಉಚಿತ ಅಂದದ್ದು, ಇಪ್ಪತ್ತು ಜನ ದಾಟಿದ ಕೂಡಲೇ ಉಳಿದವರ ವೋಟ್ ಮುಚ್ಚಿಟ್ಟಿತು. ತೆರೆಯಲು ಹದಿನಾಲ್ಕು ದಿನದ ಟ್ರಯಲ್, ಅದಕ್ಕೆ ಕಾರ್ಡ್ ನಂಬರ್. ಗೆಳೆಯ ಅಮೆರಿಕದ ಕಾರ್ಡ್ ಕೊಟ್ಟ. ಹದಿನೈದನೇ ದಿನ ಕೇಳದೆಯೇ ಒಂದು ವರ್ಷದ ಹಣ, ತೊಂಬತ್ತು ಡಾಲರ್, ಅಂದರೆ ಏಳೂವರೆ ಸಾವಿರ ರೂಪಾಯಿ ಮೇಲೆ ಕಡಿತವಾಯಿತು. ನಮ್ಮ ದೇಶದ ಕಾರ್ಡಾಗಿದ್ದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಆಟೊ ಡೆಬಿಟ್‌ಗೆ 24 ಗಂಟೆ ಮುಂಚೆ ಬ್ಯಾಂಕಿನಿಂದ ಮೆಸೇಜ್ ಬರಬೇಕು, ಅಲ್ಲೇ ನಿಲ್ಲಿಸಲೂಬಹುದು. 2021ರ ಅಕ್ಟೋಬರ್ 1ರಿಂದ ಇದು ಜಾರಿಯಲ್ಲಿದೆ. ಬರುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ ಮಾಡಿಡುವ ಇಂಥ ಚಂದಾದಾರಿಕೆ ಬಲೆಯನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಹೆಸರಿಸಿಯೇ ನಿಷೇಧಿಸಿದೆ. ದೂರು ಕೊಡಬೇಕಾದವರು 1915ಕ್ಕೆ ಕರೆ ಮಾಡಬಹುದು.

ಜನವರಿ 12ಕ್ಕೆ ನಾವು ಟೂಲ್ ಮುಟ್ಟಲಿಲ್ಲ. ಐವತ್ತನಾಲ್ಕು ಹೆಸರನ್ನು ಆರು ಜನ ಹಂಚಿಕೊಂಡು ಒಂಬತ್ತೊಂಬತ್ತು ಜನಕ್ಕೆ ಫೋನ್ ಮಾಡಿದೆವು. “ಬರ್ತೀನಿ” ಅಂತ ಅವರ ಬಾಯಿಂದ ಕೇಳಿದ ಮೇಲೆಯೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿದೆವು. ಊಟಕ್ಕೆ ಎಷ್ಟು ಜನ ಅಂತ ತಿಳಿಯಲು ವಾಟ್ಸ್‌ಆ್ಯಪ್ ಪೋಲ್ ಸಾಕಾಯಿತು, ಅದರಲ್ಲಿ ಹನ್ನೆರಡು ಆಯ್ಕೆಗಳವರೆಗೆ ಹಾಕಬಹುದು, ಪ್ರತಿ ಆಯ್ಕೆಯನ್ನೂ ನಮ್ಮ ಮಾತಿನಲ್ಲೇ ಬರೆಯಬಹುದು. ಮೇಷ್ಟ್ರುಗಳ ಮನೆಗೆ ಇಬ್ಬರಿಬ್ಬರು ಹೋಗಿ ಅಕ್ಷತೆ ಕೊಟ್ಟು ಕರೆದು ಬಂದರು. ನ್ಯೂಜೆರ್ಸಿಯವನು ಬರಲಾಗಲಿಲ್ಲ.

ಜಗಳೂರಿಗೆ ಬೆಳಿಗ್ಗೆ ಏಳಕ್ಕೇ ಕಾರು ಕಳಿಸಿದ್ದೆವು. ಹಿಂದಿನ ರಾತ್ರಿ ಮೇಷ್ಟ್ರಿಗೆ ನಾನೇ ಫೋನ್ ಮಾಡಿದ್ದೆ. ನಾನು ಹೇಳುವ ಮೊದಲೇ ಅವರು ಕೇಳಿದರು: “ನಾಳೆ ಭಾನುವಾರ, ಜನವರಿ ಹನ್ನೆರಡು. ಅಲ್ಲಿ ನೀನು ಇರ್ತೀಯಲ್ಲಮ್ಮ?”

ಇರ್ತೀನಿ ಸರ್, ಬಾಗಿಲು ನಾನೇ ತೆಗೆಸಿರ್ತೀನಿ ಅಂದೆ.