ಏಳು ಮಳೆಗಾಲ ಕಂಡ ಪೆಟ್ಟಿಗೆ ಈಸೆಲ್: ಬಯಲಿನಲ್ಲಿ ಮತ್ತು ಸ್ಟುಡಿಯೋದಲ್ಲಿ

ನಿಸರ್ಗಚಿತ್ರಗಳನ್ನು ಬರೆದು ಮಾರುವುದೇ ನನ್ನ ಜೀವನೋಪಾಯ. ಅಂಗಡಿಯವರು ಫ್ರೆಂಚ್ ಈಸೆಲ್ ಎಂದು ಕರೆಯುವ, ಮಡಿಸಿದರೆ ಸೂಟ್‌ಕೇಸಿನಂತೆ ಕೈಯಲ್ಲಿ ಹಿಡಿದು ನಡೆಯಬಹುದಾದ ಬೀಚ್ ಮರದ ಈ ಪೆಟ್ಟಿಗೆ ಈಸೆಲ್ಲನ್ನು, ಅಂದರೆ ಚಿತ್ರದ ಹಲಗೆ ನಿಲ್ಲಿಸುವ ಸ್ಟ್ಯಾಂಡನ್ನು, 2018ರ ಜನವರಿಯಲ್ಲಿ 8,500 ರೂಪಾಯಿ ಕೊಟ್ಟು ಬೆಂಗಳೂರಿನಲ್ಲೇ ಕೊಂಡೆ. ಅಂದಿನಿಂದ ವಾರಕ್ಕೆ ಎರಡು ಮೂರು ದಿನ ಹೊರಗೆ, ಉಳಿದ ದಿನ ಸ್ಟುಡಿಯೋದಲ್ಲಿ ಇದನ್ನು ಬಳಸುತ್ತ ಬಂದಿದ್ದೇನೆ. ಕೊಂಡ ವಾರದಲ್ಲೇ ಬರೆಯುವ ವಿಮರ್ಶೆಗಳಲ್ಲಿ ಮರದ ಹೊಳಪು, ಚರ್ಮದ ಹಿಡಿಕೆ, ಖಾನೆಗಳ ಅಚ್ಚುಕಟ್ಟುಗಳ ಮಾತೇ ಹೆಚ್ಚಾಗಿರುತ್ತದೆ. ಆದರೆ ಇಂಥ ಸಾಧನದ ನಿಜವಾದ ಗುಣ ನನಗೆ ತಿಳಿದದ್ದು ಮೂರನೆಯ ಮಳೆಗಾಲ ಕಳೆದ ಮೇಲೆ. ಸ್ಥಳದಲ್ಲೇ ನಿಂತು ತೈಲವರ್ಣದಲ್ಲಿ ಬರೆಯುವವರಿಗೆ ಇದು ಕೊಟ್ಟ ಹಣಕ್ಕೆ ತಕ್ಕ ವಸ್ತು. ಸ್ಟುಡಿಯೋದ ದೊಡ್ಡ ಈಸೆಲ್ಲಿಗೆ ಬದಲಿ ಎಂದು ಕೊಳ್ಳುವುದಾದರೆ ಬೇಡ.

ಇದರ ಬಲ ನನಗೆ ಮೊದಲು ಅರ್ಥವಾದದ್ದು ಲಾಲ್‌ಬಾಗಿನ ಬಂಡೆಯ ಮೇಲೆ. ಸುಮಾರು 300 ಕೋಟಿ ವರ್ಷ ಹಳೆಯದಾದ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ನೈಸ್ (gneiss) ಎಂಬ ಜಾತಿಯ ಆ ಶಿಲೆಯ ಮೇಲೆ ಸಮತಟ್ಟಾದ ಜಾಗ ಅಂಗೈ ಅಗಲದಷ್ಟೂ ಸಿಗುವುದಿಲ್ಲ. ಮೂರು ಕಾಲುಗಳನ್ನೂ ಬೇರೆ ಬೇರೆ ಉದ್ದಕ್ಕೆ ಎಳೆದು ಬಿಗಿಯಬಹುದಾದ್ದರಿಂದ, ಕೆಂಪೇಗೌಡರ ಗೋಪುರದ ಕೆಳಗಿನ ಇಳಿಜಾರಿನಲ್ಲಿಯೂ ಹಲಗೆ ನೆಟ್ಟಗೆ ನಿಲ್ಲುತ್ತದೆ. ಗಾಳಿ ಜೋರಾಗಿರುವ ಆಷಾಢದ ದಿನಗಳಲ್ಲಿ ಪೆಟ್ಟಿಗೆಯ ಅಡಿಗೆ ಒಂದು ಬಟ್ಟೆಚೀಲ ಕಟ್ಟಿ ಅದರಲ್ಲಿ ನಾಲ್ಕು ಕಲ್ಲು ತುಂಬುತ್ತೇನೆ. ಬೆಳಗಿನ ಆರೂವರೆಗೆ ನೀಲಿ ಬೂದಿಯಾಗಿ ಕಾಣುವ ಬಂಡೆ ಏಳೂವರೆಗೆ ನಸುಗೆಂಪಿಗೆ ತಿರುಗಿ, ಒಂಬತ್ತರ ಹೊತ್ತಿಗೆ ಬಣ್ಣವನ್ನೆಲ್ಲ ಬಿಟ್ಟುಕೊಟ್ಟು ಬಿಳಿಚಿಕೊಳ್ಳುತ್ತದೆ. ಹೀಗಾಗಿ ಆ ನಸುಗೆಂಪು ನಮಗೆ ಸಿಗುವುದು ಒಂದೂವರೆ ಗಂಟೆ ಮಾತ್ರ. ಅದರಲ್ಲಿ ಕಾಲು ಗಂಟೆ ಈಸೆಲ್ ನಿಲ್ಲಿಸಲು ಹೋದರೆ ಚಿತ್ರದ ಆರನೆಯ ಒಂದು ಭಾಗ ಹೋದಂತೆ. ಮೊದಲ ತಿಂಗಳು ನನಗೆ ಅಷ್ಟು ಹೊತ್ತೇ ಹಿಡಿಯುತ್ತಿತ್ತು. ಈಗ ನಾಲ್ಕು ನಿಮಿಷ ಸಾಕು.

ಆದರೂ ಈ ಪೆಟ್ಟಿಗೆಯ ಅತ್ಯಂತ ದೊಡ್ಡ ಉಪಕಾರವೆಂದರೆ ಬಣ್ಣ ಬೆರೆಸುವ ಪ್ಯಾಲೆಟ್ ಮತ್ತು ಚಿತ್ರದ ಹಲಗೆ ಎರಡೂ ಒಂದೇ ಬೆಳಕಿನಲ್ಲಿ ಇರುವಂತೆ ಮಾಡುವುದು. ಹೊರಗೆ ಬರೆಯುವವರು ಮಾಡಿಕೊಳ್ಳುವ ತಪ್ಪುಗಳಲ್ಲಿ ಹೆಚ್ಚಿನವು ಬಣ್ಣದ ತಪ್ಪುಗಳಲ್ಲ, ಬೆಳಕಿನ ತಪ್ಪುಗಳು. ನೇರ ಬಿಸಿಲಿನಲ್ಲಿ ಹಲಗೆಯ ಮೇಲೆ ಬೀಳುವ ಬೆಳಕು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆಯ ಮಾನ) ತನಕ ಇರಬಹುದು. ಮನೆಯ ಗೋಡೆಯ ಮೇಲೆ ಅದು ಕೆಲವು ನೂರು ಲಕ್ಸ್ ಮಾತ್ರ. ಬಿಸಿಲಿನಲ್ಲಿ ಎಲ್ಲ ಬಣ್ಣವೂ ಉಜ್ವಲವಾಗಿ ಕಾಣುವುದರಿಂದ ನಮಗರಿಯದೆಯೇ ಗಾಢವಾಗಿ ಬೆರೆಸುತ್ತ ಹೋಗುತ್ತೇವೆ, ಮನೆಗೆ ತಂದು ನೋಡಿದರೆ ಚಿತ್ರವೆಲ್ಲ ಸಂಜೆಗತ್ತಲಿನಲ್ಲಿ ಮುಳುಗಿರುತ್ತದೆ. ದಟ್ಟ ನೆರಳಿನಲ್ಲಿ ನಿಂತು ಬರೆದರೆ ಇದರ ತದ್ವಿರುದ್ಧ: ಚಿತ್ರ ಅಗತ್ಯಕ್ಕಿಂತ ತೆಳುವಾಗಿ, ಸೀಮೆಸುಣ್ಣ ಬಳಿದಂತೆ ಬರುತ್ತದೆ. ಕೈಯಲ್ಲಿ ಪ್ಯಾಲೆಟ್ ಹಿಡಿಯುತ್ತಿದ್ದ ಕಾಲದಲ್ಲಿ ಹಲಗೆ ನೆರಳಿನಲ್ಲಿದ್ದು ಪ್ಯಾಲೆಟ್ ಬಿಸಿಲಿಗೆ ಬಿದ್ದು ನಾನು ಹಾಳು ಮಾಡಿದ ಚಿತ್ರಗಳಿಗೆ ಲೆಕ್ಕವಿಲ್ಲ. ಈ ಈಸೆಲ್ಲಿನಲ್ಲಿ ಸೊಂಟದ ಎತ್ತರದ ಖಾನೆ ಹೊರಕ್ಕೆ ಎಳೆದರೆ ಅದರ ಮೇಲೆಯೇ ಪ್ಯಾಲೆಟ್ ಕೂರುತ್ತದೆ. ಇಡೀ ಈಸೆಲ್ಲನ್ನು ಸೂರ್ಯನಿಗೆ ಬೆನ್ನು ಮಾಡಿ ತಿರುಗಿಸಿದರೆ ಎರಡೂ ಒಟ್ಟಿಗೆ ನೆರಳಿಗೆ ಬರುತ್ತವೆ. ಕೊಡೆ ಕಟ್ಟುವುದಾದರೆ ಬಿಳಿಯದನ್ನೇ ಕಟ್ಟಬೇಕು. ಒಮ್ಮೆ ಹಸಿರು ಕೊಡೆಯ ಕೆಳಗೆ ಬರೆದ ಕಬ್ಬನ್ ಪಾರ್ಕಿನ ಬಿದಿರುಮೆಳೆ ಮನೆಯಲ್ಲಿ ನೋಡಿದಾಗ ಕೆಂಪಡರಿದಂತೆ ಕಂಡಿತು. ಕಣ್ಣು ಕೊಡೆಯ ಹಸಿರಿಗೆ ಹೊಂದಿಕೊಂಡು, ಕೈ ಅದನ್ನು ಸರಿದೂಗಿಸಲು ಹೊರಟಿತ್ತು. ಜೆಸ್ಸೊ ಎಂಬ ಬಿಳಿ ಅಸ್ತರು ಬಳಿದ ಹಲಗೆಯೂ ಬಿಸಿಲಿನಲ್ಲಿ ಕಣ್ಣು ಕೋರೈಸುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ಹಲಗೆಗಳಿಗೆ ತೆಳುವಾದ ಕಾವಿ ಬಣ್ಣದ ಅಕ್ರಿಲಿಕ್ ಬಳಿದು ಒಣಗಿಸಿಡುತ್ತೇನೆ.

ಇನ್ನು ದೋಷಗಳು. ಹಿತ್ತಾಳೆಯೆಂದು ಹೇಳಿ ಮಾರಿದ ತಿರುಪುಗಳು ಎರಡನೆಯ ಮಳೆಗಾಲಕ್ಕೇ ತುಕ್ಕು ಹಿಡಿದವು. ಅವು ಹಿತ್ತಾಳೆ ಬಣ್ಣದ ಲೇಪವಿದ್ದ ಕಬ್ಬಿಣ. ಜೂನ್‌ನಿಂದ ಅಕ್ಟೋಬರ್ ತನಕ ತೇವಕ್ಕೆ ಮರ ಉಬ್ಬಿ ಖಾನೆ ಸಿಕ್ಕಿಕೊಳ್ಳುತ್ತಿತ್ತು, ಮಾರ್ಚ್ ಬಂದರೆ ಅದೇ ಖಾನೆ ಸಡಿಲವಾಗಿ ತಾನಾಗಿಯೇ ಜಾರುತ್ತಿತ್ತು. ಮರದ ಸ್ವಭಾವ ಹಾಗೆಯೇ ಎಂದು ಇದನ್ನು ಸಹಿಸಬಹುದು. ಸಹಿಸಲಾಗದ್ದು ಹಿಂಗಾಲಿನ ಬಿಗಿತ. 2019ರ ಸೆಪ್ಟೆಂಬರಿನಲ್ಲಿ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ, ಮೋಡದ ನೆರಳು ಹುಲ್ಲಿನ ಮೇಲೆ ಓಡುವುದನ್ನು ಎರಡು ಗಂಟೆ ಹಿಂಬಾಲಿಸಿ ಚಿತ್ರ ಮುಗಿಸುವ ಹೊತ್ತಿಗೆ, ಹಿಂಗಾಲು ಜಾರಿ ಹಸಿ ಹಲಗೆ ಮಗುಚಿ ಹುಲ್ಲಿನ ಮೇಲೆ ಬಿತ್ತು. ಆ ಚಿತ್ರ ಉಳಿಯಲಿಲ್ಲ, ಅದರ ನೋವು ಇಂದಿಗೂ ಇದೆ. ಮಾರಿದವರಿಗೆ ಮೂರು ಬಾರಿ ಬರೆದರೂ ಉತ್ತರ ಬರಲಿಲ್ಲ. ಕೊನೆಗೆ ನಮ್ಮ ಬೀದಿಯ ಬಡಗಿಯೊಬ್ಬರು ಕಾಲುಗಳನ್ನು ಬಿಚ್ಚಿ ನೋಡಿ, "ಸರ್, ಮರ ಚೆನ್ನಾಗೇ ಇದೆ, ಹಾಕಿರೋ ನಟ್ಟೇ ಸಣ್ಣದು" ಎಂದರು. ದಪ್ಪನೆಯ ನಿಜವಾದ ಹಿತ್ತಾಳೆಯ ಬೋಲ್ಟು, ಅದರಡಿ ಅಗಲವಾದ ವಾಷರ್, ಖಾನೆಯ ಹಳಿಗಳಿಗೆ ಮೇಣದ ಬತ್ತಿಯ ಉಜ್ಜು, ಇಷ್ಟಕ್ಕೆ 600 ರೂಪಾಯಿ ಆಯಿತು. ಅಲ್ಲಿಂದ ಇಲ್ಲಿಯವರೆಗೆ ಕಾಲು ಜಾರಿಲ್ಲ. ತಯಾರಕರು ಈ ಬೋಲ್ಟನ್ನು ಮೊದಲೇ ಹಾಕಿದ್ದರೆ ನನ್ನ ದೂರಿನ ಅರ್ಧಭಾಗ ಇರುತ್ತಲೇ ಇರಲಿಲ್ಲ.

ತೂಕವೂ ಸಣ್ಣ ಸಂಗತಿಯಲ್ಲ. ಖಾಲಿ ಪೆಟ್ಟಿಗೆ ಆರು ಕಿಲೋ, ಬಣ್ಣ, ಕುಂಚ, ಎರಡು ಹಲಗೆ ಸೇರಿದರೆ ಒಂಬತ್ತು. ಮೆಟ್ರೋದಲ್ಲಿ ಕಬ್ಬನ್ ಪಾರ್ಕಿಗೋ ಲಾಲ್‌ಬಾಗಿಗೋ ಹೋಗುವಾಗ ತೊಂದರೆಯಿಲ್ಲ. ಆದರೆ ಬೆಂಕಿ ಹೊತ್ತಿಕೊಳ್ಳುವ ದ್ರವಗಳನ್ನು ಮೆಟ್ರೋದಲ್ಲಿ ಒಯ್ಯುವಂತಿಲ್ಲವಾದ್ದರಿಂದ ಟರ್ಪೆಂಟೈನ್ ಬಿಟ್ಟು, ಕುಂಚವನ್ನು ಬಟ್ಟೆಯಲ್ಲಿ ಒರೆಸಿ ಅಗಸೆ ಎಣ್ಣೆಯಲ್ಲಿ ಅದ್ದುವ ಅಭ್ಯಾಸ ಮಾಡಿಕೊಂಡೆ. ನಂದಿಬೆಟ್ಟದ ಮೆಟ್ಟಿಲುಗಳನ್ನು ಇದನ್ನು ಹೊತ್ತು ಒಮ್ಮೆ ಹತ್ತಿದ್ದೇನೆ, ಮತ್ತೆ ಹತ್ತುವುದಿಲ್ಲ.

ಬೆಂಗಳೂರಿನಲ್ಲಿ ಮರಗಳು ಹೂಬಿಡುವ ಕಾಲ ಚಿತ್ರಕಾರನಿಗೆ ಬಿಡುವು ಕೊಡುವುದಿಲ್ಲ. ಚಳಿಗಾಲದ ಕೊನೆಗೆ ಟಬೂಬಿಯಾ, ಮಾರ್ಚ್‌ನಲ್ಲಿ ಜಕರಂಡಾ, ಏಪ್ರಿಲ್ ಮೇ ತಿಂಗಳಲ್ಲಿ ಗುಲ್‌ಮೊಹರ್. ಈ ಮರಗಳನ್ನು ಮತ್ತೆ ಮತ್ತೆ ಬರೆದ ಚಿತ್ರಕಾರ ರುಮಾಲೆ ಚನ್ನಬಸವಯ್ಯನವರ (1910–1988) ಚಿತ್ರಗಳ ಮುಂದೆ ನಿಂತಾಗಲೆಲ್ಲ, ಹೂವಿನ ರಾಶಿಯನ್ನು ಅದರ ಎದುರಿಗೇ ನಿಂತು ಬರೆದಾಗ ಮಾತ್ರ ಬರುವ ಆ ಕಂಪನ ನನ್ನ ಕೈಗೂ ಬರಲಿ ಎಂದು ಆಸೆಪಡುತ್ತೇನೆ. ಅದಕ್ಕಾಗಿಯೇ ಒಂಬತ್ತು ಕಿಲೋ ಹೊರುತ್ತೇನೆ.

ಸ್ಟುಡಿಯೋದಲ್ಲಿ ಈ ಈಸೆಲ್ ಹಿಡಿಯುವುದು ಸುಮಾರು 80 ಸೆಂಟಿಮೀಟರ್ ಎತ್ತರದ ಕ್ಯಾನ್ವಾಸನ್ನು ಮಾತ್ರ. ಮೂರು ನಾಲ್ಕು ಅಡಿಯ ಕ್ಯಾನ್ವಾಸ್ ಇಟ್ಟರೆ ಪ್ರತಿ ಕುಂಚದ ಒತ್ತಿಗೂ ಅಲುಗುತ್ತದೆ. ಆದ್ದರಿಂದ ದೊಡ್ಡ ಕ್ಯಾನ್ವಾಸಿಗೆ ಭಾರದ ಈಸೆಲ್ ಬೇರೆ ಇದೆ, ಈ ಪೆಟ್ಟಿಗೆ ಅದರ ಪಕ್ಕದಲ್ಲಿ ನಿಲ್ಲುತ್ತದೆ. ಹೊರಗೆ ಬರೆದ ಸಣ್ಣ ಹಲಗೆ ಅದರ ಮೇಲೆಯೇ ಇರುತ್ತದೆ, ಅಂದು ಬೆರೆಸಿದ ಬಣ್ಣಗಳ ಗುರುತು ಪ್ಯಾಲೆಟ್ಟಿನಲ್ಲೇ ಇರುತ್ತದೆ, ನಾನು ಅದನ್ನು ನೋಡುತ್ತ ದೊಡ್ಡದನ್ನು ಕಟ್ಟುತ್ತೇನೆ. ತೈಲವರ್ಣ ಒಣಗುವುದು ನೀರಿನಂತೆ ಆವಿಯಾಗಿ ಅಲ್ಲ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದರಿಂದ. ಮ್ಯಾಂಗನೀಸ್ ಇರುವ ಅಂಬರ್ ಎಂಬ ಕಂದು ಬಣ್ಣ ಬೇಗ ಒಣಗುತ್ತದೆ, ದಪ್ಪಗೆ ಹಚ್ಚಿದ ಬಿಳಿಗೆ ವಾರ ದಾಟುತ್ತದೆ. ಅಷ್ಟು ದಿನ ಹಸಿ ಹಲಗೆಯನ್ನು ಧೂಳು ತಾಗದಂತೆ ಇಡಲು ಪೆಟ್ಟಿಗೆಯ ಮುಚ್ಚಳದ ಒಳಗಿನ ಜಾಗ ಬಹಳ ಅನುಕೂಲ.

ಈಸೆಲ್ಲನ್ನು ಎಲ್ಲಿ ನಿಲ್ಲಿಸಬೇಕೆಂಬುದರಲ್ಲಿ ಮಾತ್ರ ಪಾಶ್ಚಾತ್ಯ ಕೈಪಿಡಿಗಳನ್ನು ನಂಬಿ ನಾನು ಮೋಸಹೋದೆ. ಉತ್ತರದ ಕಿಟಕಿಯಿಂದ ನೇರ ಬಿಸಿಲು ಬರುವುದೇ ಇಲ್ಲ, ದಿನವಿಡೀ ಒಂದೇ ಸಮನಾದ ಬೆಳಕು ಸಿಗುತ್ತದೆ ಎಂಬ ಅವರ ಮಾತು ಯೂರೋಪಿನ ಅಕ್ಷಾಂಶಕ್ಕೆ ಬಹುಮಟ್ಟಿಗೆ ಸರಿ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರದಲ್ಲಿ. ಇಲ್ಲಿ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನಗಳಾದ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನ ನಡುವೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ಬೆಳಗ್ಗೆ ಮತ್ತು ಸಂಜೆ ಉತ್ತರದ ಕಿಟಕಿಯಿಂದ ಬಿಸಿಲು ಓರೆಯಾಗಿ ಒಳಗೆ ನುಗ್ಗುತ್ತದೆ. ಮೇ ತಿಂಗಳ ಒಂದು ಬೆಳಗ್ಗೆ ಕ್ಯಾನ್ವಾಸಿನ ಅರ್ಧಕ್ಕೆ ಬಿಸಿಲಿನ ಪಟ್ಟೆ ಬಿದ್ದದ್ದನ್ನು ಕಂಡ ಮೇಲೆ ಆ ಕಿಟಕಿಗೆ ಬಿಳಿ ಹತ್ತಿಯ ಪರದೆ ಹೊಲಿಸಿದೆ, ಮೇಲೆ ಹಗಲಿನಂಥ ಬಿಳಿ ಬೆಳಕು ಕೊಡುವ 5000 ಕೆಲ್ವಿನ್‌ನ ದೀಪ ಹಾಕಿಸಿದೆ.

ಜಲವರ್ಣದವರಿಗೂ ಹಲಗೆಯನ್ನು ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿಸುವ ಸೌಲಭ್ಯ ಇದರಲ್ಲಿದೆ, ಆದರೆ ಅವರಿಗೆ ಇಷ್ಟು ತೂಕದ ಅಗತ್ಯವಿಲ್ಲ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂರುವ ಸಣ್ಣ ಪೆಟ್ಟಿಗೆ ಸಾಕು. ತೈಲವರ್ಣಕ್ಕಾಗಿ ಕೊಳ್ಳುವವರು ಅಂಗಡಿಯಲ್ಲೇ ಮೂರು ಕಾಲುಗಳನ್ನೂ ಪೂರ್ತಿ ಎಳೆದು ಬಿಗಿದು, ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಊರಿ ಮೈಭಾರ ಬಿಡಬೇಕು, ತಿರುಪುಗಳಿಗೆ ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಬೇಕು. ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆಯಲ್ಲ, ಬಡಗಿಗೆ ಕೊಡಬೇಕಾದ 600 ರೂಪಾಯಿಯನ್ನೂ ಬೆಲೆಯಲ್ಲಿ ಸೇರಿಸಿಕೊಂಡೇ ಚೌಕಾಸಿ ಮಾಡಿ.