ನೈಂಟಿ ದಿನ, ನೈಂಟಿ ಮೀಟಿಂಗ್

ದೋಸೆಗೆ, ಮಿಕ್ಸಿಗೆ, ರಾತ್ರಿ ಬಸ್ಸಿಗೆ ಎಲ್ಲದಕ್ಕೂ ರಿವ್ಯೂ ಬರೆದಿದ್ದೇನೆ. ವಾರಕ್ಕೆ ಮೂರು ಸಲ ಹೋಗುವ ಜಾಗದ ಬಗ್ಗೆ ಮಾತ್ರ ಬಾಯಿ ಬಿಟ್ಟಿರಲಿಲ್ಲ. ಕುಡಿತ ಬಿಡಬೇಕು ಅನ್ನುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಸಭೆಗಳು, ಬೆಂಗಳೂರಿನವು. ಯಾವ ಏರಿಯಾ, ಯಾವ ಗುಂಪು ಅಂತ ಕೇಳಬೇಡಿ, ಹೆಸರಲ್ಲೇ ಅನಾನಿಮಸ್ ಇದೆ ಅಲ್ವಾ. ಹೋಗಲು ಶುರು ಮಾಡಿ 14 ತಿಂಗಳಾಯಿತು, ಕುಡಿಯದೆ 9 ತಿಂಗಳು. ಲೆಕ್ಕ ತಪ್ಪಿಲ್ಲ, ನಡುವೆ ಒಂದು ಮದುವೆ ಬಂತು.

ಮೊದಲನೇ ಕಷ್ಟ ಹುಡುಕೋದು. ನೆಟ್‌ನಲ್ಲಿ ಸಿಕ್ಕ ಯಾವುದೋ ಹಳೇ ಪಟ್ಟಿ ನಂಬಿಕೊಂಡು ಮಳೆಯಲ್ಲಿ ಎರಡು ಬಸ್ ಬದಲಾಯಿಸಿ ಹೋದೆ. ಗೇಟಿಗೆ ಬೀಗ. "ಅವರು ಇಲ್ಲಿಂದ ಹೋಗಿ ವರ್ಷ ಆಯ್ತು ಸಾರ್" ಅಂದ ವಾಚ್‌ಮನ್. ರಸ್ತೆಯ ಆ ಕಡೆ ಬಾರ್. ಅವತ್ತು ಸಂಜೆ ಎಲ್ಲಿ ಕಳೆದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಪಟ್ಟಿ ನೋಡಿ ಸೀದಾ ಹೊರಡಬೇಡಿ. ಎಎ ಹೆಲ್ಪ್‌ಲೈನ್‌ಗೆ ಫೋನ್ ಮಾಡಿ ದಿನ, ಟೈಮ್, ಭಾಷೆ ಮೂರನ್ನೂ ಕೇಳಿ. ಓಪನ್ ಮೀಟಿಂಗಾ, ಕ್ಲೋಸ್ಡಾ ಅಂತಲೂ ಕೇಳಿ. ಓಪನ್‌ಗೆ ಯಾರು ಬೇಕಾದರೂ ಬರಬಹುದು, ಕ್ಲೋಸ್ಡ್ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ.

ಭಾಷೆ ಕೇಳಿ ಅಂದೆನಲ್ಲ, ಅದು ಸುಮ್ನೆ ಹೇಳಿದ್ದಲ್ಲ. ನಾನು ಹೋದ ಮೊದಲ ಗುಂಪಿನಲ್ಲಿ ಎಲ್ಲ ಇಂಗ್ಲಿಷ್. "ಐ ಆ್ಯಮ್ ಆ್ಯನ್ ಆಲ್ಕೊಹಾಲಿಕ್" ಅಂತ ಆಫೀಸಿನಲ್ಲಿ ಪ್ರೆಸೆಂಟೇಶನ್ ಕೊಟ್ಟ ಹಾಗೆ ಹೇಳಿ ಕೂತೆ. ಒಂದು ಚೂರೂ ನೋಯಲಿಲ್ಲ. ಆಲ್ಕೊಹಾಲಿಕ್ ಅಂದರೆ ಏನೋ ಬಿಪಿ, ಶುಗರ್ ಥರ ಕೇಳಿಸುತ್ತೆ. ಆಮೇಲೆ ಸಿಕ್ಕಿದ್ದು ಕನ್ನಡದ ಗುಂಪು. ಅಲ್ಲಿ ನನ್ನ ಸರದಿ ಬಂದಾಗ "ನಾನು ಕುಡುಕ" ಅನ್ನೋದಕ್ಕೆ ಬಾಯೇ ಬರಲಿಲ್ಲ. ಅದು ಬೀದಿಯ ಮಾತು, ಪಕ್ಕದ ಮನೆಯವರು ಗೇಟಿನ ಹತ್ತಿರ ಪಿಸುಗುಟ್ಟಿದ ಮಾತು, ಅಮ್ಮ ಅಳುತ್ತಾ ಅಂದ ಮಾತು. ಮೂರು ವಾರ ಬರೀ ಹೆಸರು ಹೇಳಿ ಕೂತೆ. ಯಾರೂ ಒತ್ತಾಯ ಮಾಡಲಿಲ್ಲ. ನಾಲ್ಕನೇ ವಾರ ಹೇಳಿದೆ.

ಒಳಗೆ ಏನಿರುತ್ತೆ? ಪ್ಲಾಸ್ಟಿಕ್ ಕುರ್ಚಿ, ಕಿರುಗುಟ್ಟುವ ಫ್ಯಾನು, ಗೋಡೆಗೆ ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಹೆಜ್ಜೆಗಳ ಪಟ್ಟಿ, ಫ್ಲಾಸ್ಕಿನಲ್ಲಿ ಟೀ. ಮೊದಲ ದಿನ ನನಗೆ ಮಾತ್ರ ಅರ್ಧ ಕಪ್ ಟೀ ಕೊಟ್ಟರು. ಜುಗ್ಗರು ಅಂದುಕೊಂಡೆ. ಕಪ್ ಹಿಡಿದಾಗ ಗೊತ್ತಾಯಿತು, ನನ್ನ ಕೈ ನಡುಗುತ್ತಿತ್ತು, ತುಂಬಾ ಕೊಟ್ಟಿದ್ದರೆ ಪ್ಯಾಂಟಿನ ಮೇಲೆ ಚೆಲ್ಲುತ್ತಿತ್ತು. ಕೊಟ್ಟವರು ಏನೂ ಹೇಳದೆ ಮುಂದಿನ ಕುರ್ಚಿಗೆ ಹೋದರು.

ಶೇರಿಂಗ್, ಅಂದರೆ ಒಬ್ಬರು ತಮ್ಮ ಕಥೆ ಹೇಳಿಕೊಳ್ಳುವಾಗ ಮಧ್ಯೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಕ್ವಾರ್ಟರ್ ಬಾಟಲಿಯನ್ನು ಅಕ್ಕಿ ಡ್ರಮ್ಮಿನಲ್ಲಿ ಹುಗಿದಿಡುತ್ತಿದ್ದೆ ಅಂತ ಹೇಳಿಕೊಂಡ ದಿನ ಯಾರೂ ಲೊಚಗುಟ್ಟಲಿಲ್ಲ. ಮುಗಿದ ಮೇಲೆ ಟೀ ಹತ್ತಿರ ಒಬ್ಬರು "ನಂದು ಫ್ಲಷ್ ಟ್ಯಾಂಕು" ಅಂದರು, ಅಷ್ಟೇ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಬಿಲ್ ವಿಲ್ಸನ್ ಅನ್ನುವ ಷೇರು ಪೇಟೆಯವನು ಡಾಕ್ಟರ್ ಬಾಬ್ ಸ್ಮಿತ್ ಅನ್ನುವ ಸರ್ಜನ್ ಜೊತೆ ಕೂತು ಮಾಡಿದ್ದೂ ಇದನ್ನೇ, ಒಬ್ಬ ಕುಡುಕ ಇನ್ನೊಬ್ಬನಿಗೆ ತನ್ನ ಕಥೆ ಹೇಳೋದು.

ಹೊಸಬರಿಗೆ ತೊಂಬತ್ತು ದಿನದಲ್ಲಿ ತೊಂಬತ್ತು ಮೀಟಿಂಗ್ ಮಾಡಿ ಅಂತಾರೆ. ನೈಂಟಿ ಅಂದ ಕೂಡಲೇ ನಮ್ಮಂಥವರಿಗೆ ನೆನಪಾಗೋದು ಬೇರೇನೇ, ಅದಕ್ಕೆ ನಗು ಬಂತು. ನನ್ನಿಂದ ಅಷ್ಟು ಆಗಲಿಲ್ಲ. ಹೋಗಲಾಗದ ರಾತ್ರಿ ಜೂಮ್ ಮೀಟಿಂಗ್ ಇತ್ತು.

ಖರ್ಚು? ಫೀಸ್ ಇಲ್ಲ. ಕೊನೆಗೆ ಒಂದು ಬಟ್ಟೆ ಚೀಲ ಸುತ್ತು ಬರುತ್ತೆ, ಹತ್ತು ರೂಪಾಯಿ ಹಾಕಿ, ಇಲ್ಲದಿದ್ದರೆ ಮುಂದಿನವರಿಗೆ ದಾಟಿಸಿ. ನಮ್ಮದು ಚರ್ಚ್ ಹಾಲಿನಲ್ಲಿ ನಡೆಯೋದು, ಅಮ್ಮ ಮತಾಂತರ ಅಂತ ಹೆದರಿದ್ದರು. ಹಾಲ್ ಬರೀ ಬಾಡಿಗೆಗೆ. ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತೆ ನಿಜ, ಆದರೆ ಯಾವ ದೇವರು ಅನ್ನೋದು ನಿಮಗೆ ಬಿಟ್ಟದ್ದು.

ತಕರಾರು ಇಲ್ಲ ಅಂತಲ್ಲ. ನಮ್ಮ ಗುಂಪಿನಲ್ಲಿ ಹೆಂಗಸರು ತೀರಾ ಕಮ್ಮಿ. ಕೆಲವು ಹಳಬರು ಅದೇ ಕಥೆಯನ್ನು ಹದಿನೈದನೇ ಸಲ ಹೇಳುತ್ತಾರೆ. ಹೊರಗೆ ಗೇಟಿನ ಹತ್ತಿರ ಸಿಗರೇಟಿನ ಹೊಗೆ ವಿಪರೀತ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಿ, ಎಲ್ಲ ಒಂದೇ ಥರ ಇರಲ್ಲ. ನಮ್ಮ ಊರಿನ ಮಾವ ಎಎ ಹೆಸರೇ ಕೇಳಿಲ್ಲ. ಅವರು ಬಿಟ್ಟಿದ್ದು ಧರ್ಮಸ್ಥಳದವರ ಎಂಟು ದಿನದ ಮದ್ಯವರ್ಜನ ಶಿಬಿರದಲ್ಲಿ, ಈಗಲೂ ಅಲ್ಲಿ ಕುಡಿತ ಬಿಟ್ಟವರ ನವಜೀವನ ಸಮಿತಿ ಸಭೆಗೆ ತಪ್ಪಿಸದೆ ಹೋಗುತ್ತಾರೆ.

ಒಂದು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವಷ್ಟು ಕುಡಿಯುವವರಾದರೆ ಒಮ್ಮೆಲೇ ನಿಲ್ಲಿಸಿ ಮೀಟಿಂಗಿಗೆ ಓಡಬೇಡಿ. ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಮೊದಲು ಡಾಕ್ಟರು. ನಿಮ್ಹಾನ್ಸ್‌ನಲ್ಲಿ ಇದಕ್ಕೇ ಅಂತ ವಿಭಾಗ ಇದೆ, ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಮೀಟಿಂಗಿನಲ್ಲಿ ಡಾಕ್ಟರ್ ಇರಲ್ಲ, ಮಾತ್ರೆ ಕೊಡಲ್ಲ.

ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಸಭೆ ಇದೆ. ನನ್ನ ಹೆಂಡತಿ ಅಲ್ಲಿಗೆ ಹೋಗುತ್ತಾಳೆ. ನನ್ನ ಬಗ್ಗೆ ಏನು ಹೇಳಿದೆ ಅಂತ ಸ್ಕೂಟರ್ ಮೇಲೆ ಬರುವಾಗ ಪ್ರತಿ ಸಲ ಕೇಳುತ್ತೇನೆ. "ಅಲ್ಲಿ ಮಾತಾಡಿದ್ದು ಅಲ್ಲೇ ಇರಬೇಕು, ನಿಮಗೇ ಗೊತ್ತಲ್ಲ, ರಸ್ತೆ ನೋಡಿ ಓಡಿಸಿ" ಅಂತಾಳೆ.